ಧಾರ್ಮಿಕ ನಂಬಿಕೆಯಿಂದ ಮಕ್ಕಳ ಚಿಕಿತ್ಸೆಗೆ ನಿರಾಕರಣೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳು

ಮಗುವಿನ ಕಾಯಿಲೆ ದೈವದಿಂದ ಬಂದದ್ದೆಂದು ನಂಬಿ, ಅಥವಾ ಮದ್ದು ಕೊಟ್ಟರೆ ದೈವ ಮುನಿಯುತ್ತದೆಂದು ಅಂಜಿ, ಹೆತ್ತವರು ವೈದ್ಯಕೀಯ ಚಿಕಿತ್ಸೆಯನ್ನು ಬೇಡವೆನ್ನುವುದು ಅಥವಾ ಮುಂದೂಡುವುದು. ಅಮೆರಿಕ, ಇಂಗ್ಲೆಂಡುಗಳಲ್ಲಿ ಇದು ಬಹುಮಟ್ಟಿಗೆ ಸಂಘಟಿತ ಪಂಥಗಳ ತತ್ತ್ವಕ್ಕೆ ಸೇರಿದ ಸಂಗತಿ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಅದರ ಸ್ವರೂಪ ಬೇರೆ. ಆಸ್ಪತ್ರೆಯನ್ನೇ ತತ್ತ್ವವಾಗಿ ಧಿಕ್ಕರಿಸುವವರು ಇಲ್ಲಿ ವಿರಳ. ಮೊದಲು ದೇವರು, ಆಮೇಲೆ ಡಾಕ್ಟರು ಎಂಬ ಸರದಿ ಇದೆ. ಆ ಸರದಿಯಲ್ಲಿ ಕಳೆದುಹೋಗುವ ದಿನಗಳೇ ಮಗುವಿಗೆ ಅಪಾಯ ತರುತ್ತವೆ.

ದಾವಣಗೆರೆ ಜಿಲ್ಲೆ ರೂಪುಗೊಂಡದ್ದು 1997ರ ಆಗಸ್ಟ್ 15ರಂದು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ನ್ಯಾಮತಿ ಮುಂದೆ ಹೊನ್ನಾಳಿಯಿಂದ ಬೇರ್ಪಟ್ಟ ತಾಲ್ಲೂಕು. ಭದ್ರಾ ನಾಲೆ, ಸೂಳೆಕೆರೆ, ತುಂಗಭದ್ರೆಯ ನೀರುಂಡ ಭತ್ತ–ಅಡಿಕೆಯ ಸೀಮೆ ಒಂದು ಕಡೆ, ಮಳೆ ಕೈಕೊಡುವ ಜಗಳೂರಿನ ಬಯಲು ಇನ್ನೊಂದು ಕಡೆ. ಬೇಸಾಯ ಬೇರೆಯಾದರೂ ಊರಮ್ಮ, ದುರ್ಗಮ್ಮ, ಮಾರಮ್ಮರ ಗುಡಿಯಿಲ್ಲದ ಊರು ಈ ಎರಡೂ ಕಡೆ ಸಿಗುವುದು ಕಷ್ಟ.

ಅಮ್ಮ

ಮಗುವಿನ ಮೈಮೇಲೆ ಜ್ವರದೊಂದಿಗೆ ಗುಳ್ಳೆ ಎದ್ದರೆ ಈ ಸೀಮೆಯ ಮನೆಗಳಲ್ಲಿ ಕೇಳಿಬರುವ ಮಾತು ‘ಅಮ್ಮ ಆಗಿದೆ’ ಎಂಬುದು. ಸಿಡುಬು, ಸೀತಾಳೆ ಸಿಡುಬು, ದಡಾರ ಇವೆಲ್ಲವೂ ಅಮ್ಮನೇ. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಏರುತ್ತದೆ. ಒಗ್ಗರಣೆ ಹಾಕುವುದಿಲ್ಲ, ತಲೆ ಬಾಚುವುದಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಮಗುವನ್ನು ಬೇವಿನ ಎಲೆಯ ಮೇಲೆ ಮಲಗಿಸುತ್ತಾರೆ. ಬೆಸ ದಿನ ನೋಡಿ ಬೇವು–ಅರಿಶಿನದ ನೀರು ಹಾಕಿ, ಮೊಸರನ್ನದ ಎಡೆ ಇಟ್ಟು ಅಮ್ಮನನ್ನು ಕಳಿಸಿಕೊಡುತ್ತಾರೆ. ಅಲ್ಲಿಯವರೆಗೆ ಸೂಜಿ ಚುಚ್ಚಿಸುವಂತಿಲ್ಲ, ಮಾತ್ರೆ ನುಂಗಿಸುವಂತಿಲ್ಲ. ಚುಚ್ಚಿದರೆ ತಾಯಿ ಮುನಿದು ಕಣ್ಣು ತೆಗೆಯುತ್ತಾಳೆಂಬ ಭಯ. ಲಂಬಾಣಿ ತಾಂಡಾಗಳಲ್ಲಿ ಇದೇ ಭಕ್ತಿ ಮರಿಯಮ್ಮನಿಗೂ ಸೀತ್ಲಾ ಹಬ್ಬಕ್ಕೂ ಸಲ್ಲುತ್ತದೆ. ಲಂಬಾಣಿಗರ ಗುರು ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲೇ.

ಈ ಆಚರಣೆಯನ್ನು ಬರೀ ಮೌಢ್ಯವೆಂದು ತಳ್ಳಿಹಾಕುವುದು ಅನ್ಯಾಯ. ಸಿಡುಬಿಗೆ ಮದ್ದೇ ಇಲ್ಲದಿದ್ದ ಶತಮಾನಗಳಲ್ಲಿ ಬಾಗಿಲ ಬೇವು ಒಂದು ಎಚ್ಚರಿಕೆಯ ಗುರುತಾಗಿತ್ತು. ಅದನ್ನು ಕಂಡವರು ಒಳಗೆ ಕಾಲಿಡುತ್ತಿರಲಿಲ್ಲ, ಸೋಂಕು ಪಕ್ಕದ ಮನೆಗೆ ಹಬ್ಬುವುದು ಅಷ್ಟು ಕಡಿಮೆಯಾಗುತ್ತಿತ್ತು. ಇಡೀ ಊರೇ ಒಂದು ದಿನ ಮನೆಗಳಿಗೆ ಬೀಗ ಹಾಕಿ ಹೊಲ–ತೋಪುಗಳಲ್ಲಿ ಬೀಡುಬಿಡುವ ಹೊರಬೀಡು, ಮಾರಿಯನ್ನು ಊರ ಗಡಿ ದಾಟಿಸುವ ಪದ್ಧತಿ, ಇವೂ ಸಾಂಕ್ರಾಮಿಕದ ನೆನಪಿನಿಂದಲೇ ಹುಟ್ಟಿರಬಹುದು. ಕೆಡುಕು ಇರುವುದು ಚಿಕಿತ್ಸೆಯ ಮೇಲಿನ ನಿಷೇಧದಲ್ಲಿ.

ಏಕೆಂದರೆ ಸಿಡುಬು ಹೋಗಿದೆ. ಭಾರತದ ಕೊನೆಯ ಪ್ರಕರಣ ಕಂಡದ್ದು 1975ರ ಮೇನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಜಗತ್ತು ಸಿಡುಬುಮುಕ್ತವೆಂದು ಸಾರಿದ್ದು 1980ರ ಮೇ 8ರಂದು. ಅಮ್ಮನ ಹೆಸರಿನಲ್ಲಿ ಈಗ ಉಳಿದಿರುವವುಗಳಲ್ಲಿ ಮಕ್ಕಳ ಪಾಲಿಗೆ ಹೆಚ್ಚು ಅಪಾಯಕಾರಿ ದಡಾರ. ದಡಾರದಲ್ಲಿ ಮಗುವನ್ನು ಕೊಲ್ಲುವುದು ಗುಳ್ಳೆಯಲ್ಲ, ಅದರ ಬೆನ್ನಿಗೆ ಬರುವ ನ್ಯುಮೋನಿಯಾ, ಭೇದಿ, ಮಿದುಳಿನ ಉರಿಯೂತ. ‘ತಾಯಿ ಕಣ್ಣು ತೆಗೆಯುತ್ತಾಳೆ’ ಎಂಬ ಭಯದ ಹಿಂದೆಯೂ ಒಂದು ನಿಜವಿದೆ: ದಡಾರವು ಮೈಯಲ್ಲಿರುವ ಎ ಜೀವಸತ್ವವನ್ನು ಬರಿದು ಮಾಡಿ ಕಣ್ಣಿನ ಕರಿಗುಡ್ಡೆಗೆ ಹಾನಿ ಮಾಡಬಲ್ಲದು. ಅದನ್ನು ತಡೆಯಲು ಎರಡು ದಿನ ಸತತವಾಗಿ ಎ ಜೀವಸತ್ವ ಕುಡಿಸಬೇಕು. ಒಂದು ವರ್ಷ ದಾಟಿದ ಮಗುವಿಗೆ ಪ್ರತಿ ಸಲ 2 ಲಕ್ಷ ಘಟಕ, ಆರು ತಿಂಗಳಿಂದ ವರ್ಷದೊಳಗಿನ ಕೂಸಿಗೆ 1 ಲಕ್ಷ. ಯಾವ ಕಣ್ಣಿಗಾಗಿ ಹೆದರಿ ಆಸ್ಪತ್ರೆಯನ್ನು ದೂರವಿಡುತ್ತಾರೋ ಅದೇ ಕಣ್ಣನ್ನು ಉಳಿಸುವ ಹನಿ ಆಸ್ಪತ್ರೆಯಲ್ಲೇ ಇದೆ.

ಲಸಿಕೆ

ಈ ಭಯವನ್ನು ದಾಟಿದ ಚರಿತ್ರೆಯೂ ಕನ್ನಡ ನಾಡಿನದೇ. 1805ರ ಸುಮಾರಿಗೆ ಚಿತ್ರಕಾರ ಥಾಮಸ್ ಹಿಕಿ ಬರೆದ ಮೂವರು ಹೆಂಗಸರ ಚಿತ್ರವೊಂದಿದೆ. ಅದರಲ್ಲಿರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ಅರಮನೆಯವರು, ಒಬ್ಬರು ಕಿರಿಯ ರಾಣಿ ದೇವಾಜಮ್ಮಣ್ಣಿ, ಲಸಿಕೆ ಹಾಕಿಸಿಕೊಂಡ ತೋಳಿನ ಜಾಗವನ್ನು ಅವರು ತೋರುತ್ತಿದ್ದಾರೆ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ. ಭಾರತದಲ್ಲಿ ಮೊದಲ ಸಿಡುಬು ಲಸಿಕೆ ಮುಂಬಯಿಯಲ್ಲಿ ಒಂದು ಹೆಣ್ಣುಮಗುವಿಗೆ ಬಿದ್ದದ್ದು 1802ರ ಜೂನ್ 14ರಂದು. ಅದಾಗಿ ಮೂರ್ನಾಲ್ಕು ವರ್ಷದೊಳಗೆ ಮೈಸೂರಿನ ರಾಣಿವಾಸ ತೋಳು ಕೊಟ್ಟಿತ್ತು.

2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 9 ತಿಂಗಳಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಂದೊಂದು ಚುಚ್ಚುಮದ್ದು. ಆಗ ಹಳೆಯ ಭಯಕ್ಕೆ ಹೊಸದೊಂದು ಸೇರಿತು: ಇದು ಮಕ್ಕಳಾಗದಂತೆ ಮಾಡುವ ಮದ್ದು ಎಂಬ ಸುಳ್ಳು ವಾಟ್ಸ್‌ಆ್ಯಪಿನಲ್ಲಿ ಹರಿದಾಡಿತು. ಅಮ್ಮನ ಭಯ ಅಜ್ಜಿಯ ಬಾಯಿಂದ ಬಂದರೆ ಇದು ಅಪ್ಪನ ಮೊಬೈಲಿನಿಂದ ಬಂತು. ಇಂಥ ಕಡೆ ಸರ್ಕಾರಿ ಸುತ್ತೋಲೆ ಹೆಚ್ಚೇನೂ ಮಾಡಲಾರದು. ಮನೆಯೊಳಗೆ ಕೂತು ಮಾತಾಡಬಲ್ಲ ಆಶಾ ಕಾರ್ಯಕರ್ತೆ, ಗುರುಗಳು, ಮೌಲ್ವಿಗಳ ಮಾತಿಗೆ ತೂಕ ಹೆಚ್ಚು. ಈಗ ದಡಾರ–ರುಬೆಲ್ಲಾ ಲಸಿಕೆ ಮಕ್ಕಳ ನಿಯಮಿತ ಲಸಿಕೆಗಳ ಪಟ್ಟಿಯಲ್ಲೇ ಇದೆ. ಮೊದಲ ಡೋಸು 9 ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳೊಳಗೆ.

ಗಾಳಿ, ಅಂತ್ರ, ಹಾವು

ಜ್ವರದಲ್ಲಿ ಮಗು ಸೆಟೆದುಕೊಂಡರೆ ಬಾಲಗ್ರಹ, ಬೆಚ್ಚಿಬಿದ್ದರೆ ಗಾಳಿ ಸೋಂಕು, ಮೈ ಹಳದಿಯಾದರೆ ಕಾಮಾಲೆಗೆ ಬರೆ. ಅಂತ್ರ ಕಟ್ಟಿಸುವುದು, ದೃಷ್ಟಿ ತೆಗೆಯುವುದು ಮಗುವಿಗೆ ನೋವು ಕೊಡುವ ಕೆಲಸಗಳಲ್ಲ, ಆಸ್ಪತ್ರೆಯ ದಾರಿಯಲ್ಲೂ ಮಾಡಬಹುದು. ಕಾದ ಕಬ್ಬಿಣದ ಬರೆ ಹಾಗಲ್ಲ. ಅದು ಎಳೆಯ ಚರ್ಮವನ್ನು ಸುಟ್ಟು, ಇರುವ ಕಾಯಿಲೆಯ ಜೊತೆಗೆ ನಂಜನ್ನೂ ತರುತ್ತದೆ. ಹೊನ್ನಾಳಿಯ ನೆರೆಯ ಹರಿಹರ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದ ಉಕ್ಕಡಗಾತ್ರಿಯ ಕರಿಬಸವೇಶ್ವರ ಅಜ್ಜಯ್ಯನ ಸನ್ನಿಧಿಗೆ ದೆವ್ವ–ಗಾಳಿಯ ಬಾಧೆಯೆಂದು ನೂರಾರು ಮಂದಿ ಬರುತ್ತಾರೆ, ಅಮಾವಾಸ್ಯೆಗೆ ಇನ್ನೂ ಹೆಚ್ಚು. ಹಾಗೆ ಕರೆತಂದವರಲ್ಲಿ ಮೂರ್ಛೆರೋಗದ ಮಕ್ಕಳಿದ್ದರೆ ಅವರಿಗೆ ಅಜ್ಜಯ್ಯನ ವಿಭೂತಿಯ ಜೊತೆಗೆ ದಿನ ತಪ್ಪದ ಮಾತ್ರೆಯೂ ಬೇಕು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದುವಾ ಮತ್ತು ದವಾ ಎರಡನ್ನೂ ಒಂದೇ ಆವರಣದಲ್ಲಿ ಕೊಡುವ ಏರ್ಪಾಡು ನಡೆದಿದೆ. ಇಲ್ಲಿಯೂ ಅಂಥದ್ದು ಆಗಬೇಕು.

ಹಾವು ಕಡಿದಾಗ ಲೆಕ್ಕ ದಿನಗಳದ್ದಲ್ಲ, ಗಂಟೆಗಳದ್ದು. ಗದ್ದೆ, ಅಡಿಕೆ ತೋಟ, ನಾಲೆ ಏರಿಗಳ ಸೀಮೆಯಲ್ಲಿ ಹಾವು ಕಡಿತ ಅಪರೂಪವಲ್ಲ. ದೊಡ್ಡವರಿಗಿಂತ ಮಕ್ಕಳ ಮೈ ಚಿಕ್ಕದು, ಅಷ್ಟೇ ವಿಷ ಅವರಿಗೆ ಹೆಚ್ಚು ಮಾರಕ. ಮಂತ್ರ ಹಾಕುವವರ ಬಳಿ ಹಲವರು ‘ವಾಸಿ’ಯಾಗುವುದಕ್ಕೆ ಕಾರಣ ಸರಳ: ಎಷ್ಟೋ ಹಾವುಗಳಿಗೆ ವಿಷವಿಲ್ಲ, ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಹಟ್ಟಿಯ ಹೊರಗಿನ ಗುಡಿಸಲು

ಚಿತ್ರದುರ್ಗ, ತುಮಕೂರು, ಜಗಳೂರು ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಸೂತಕದ ಕಾರಣಕ್ಕೆ ಹಟ್ಟಿಯಿಂದ ಹೊರಗಿಡುವ ಪದ್ಧತಿ ಹಳೆಯದು. ತಮ್ಮ ದೈವಗಳಾದ ಜುಂಜಪ್ಪ, ಎತ್ತಪ್ಪರ ಹಟ್ಟಿ ಮೈಲಿಗೆಯಾಗಬಾರದೆಂಬುದು ಅದರ ಹಿಂದಿನ ನಂಬಿಕೆ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಮಳೆ–ಚಳಿಯ ನಡುವೆ ಹೊರಗಿನ ಗುಡಿಸಲಲ್ಲಿ ಬಾಣಂತಿಯೊಂದಿಗೆ ಇರಿಸಿದ್ದ ಹಸುಗೂಸು ತೀರಿಕೊಂಡಿತು. ಸರ್ಕಾರ ಕೆಲವು ಹಟ್ಟಿಗಳಲ್ಲಿ ಕೃಷ್ಣಕುಟೀರಗಳನ್ನು ಕಟ್ಟಿಸಿದೆ. ಗುಡಿಸಲಿಗಿಂತ ಅವು ಮೇಲು, ಆದರೆ ಹೊರಗಿಡುವುದು ಹೊರಗಿಡುವುದೇ. ಹಸುಗೂಸಿಗೆ ತಾಯಿಯ ಮೈಬಿಸಿ, ತೇವವಿಲ್ಲದ ಬೆಚ್ಚನೆಯ ಮನೆ, ಬೇಗ ಬಂದು ನೋಡುವ ನರ್ಸಮ್ಮ ಇವೇ ಚಿಕಿತ್ಸೆ. ಅವನ್ನು ತಪ್ಪಿಸಿದರೆ ಚಿಕಿತ್ಸೆ ನಿರಾಕರಿಸಿದಂತೆಯೇ.

ಕಾನೂನು

ಸಂವಿಧಾನದ 25ನೇ ವಿಧಿ ಧರ್ಮಸ್ವಾತಂತ್ರ್ಯವನ್ನು ಕೊಡುವಾಗಲೇ ಅದನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಡಿಸಿದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಂತೆ ಮಗುವಿನ ಹೊಣೆ ಹೊತ್ತವರು ಬೇಕೆಂದೇ ಅದನ್ನು ಅಲಕ್ಷಿಸಿ ನರಳಿಸಿದರೆ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ಪ್ರತಿಬಂಧ ಹಾಗೂ ನಿರ್ಮೂಲನೆ ಕಾಯ್ದೆ, 2017 ಇನ್ನೂ ಹತ್ತಿರಕ್ಕೆ ಬರುತ್ತದೆ. 2020ರ ಜನವರಿಯಿಂದ ಜಾರಿಯಲ್ಲಿರುವ ಈ ಕಾಯ್ದೆಯ ಪಟ್ಟಿಯಲ್ಲಿ ನಾಯಿ, ಹಾವು, ಚೇಳು ಕಡಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ–ತಂತ್ರ, ಅಂತ್ರ–ದಾರ ಮಾಡುವುದು, ವಾಸಿ ಮಾಡುವ ನೆಪದಲ್ಲಿ ಮಕ್ಕಳನ್ನು ಮುಳ್ಳಿನ ಮೇಲೆ ಅಥವಾ ಎತ್ತರದಿಂದ ಎಸೆಯುವುದು, ಮುಟ್ಟಾದ ಅಥವಾ ಗರ್ಭಿಣಿ ಹೆಂಗಸರನ್ನು ಒತ್ತಾಯದಿಂದ ಬೇರೆ ಇಡುವುದು ಸೇರಿವೆ. ಶಿಕ್ಷೆ ಒಂದರಿಂದ ಏಳು ವರ್ಷ ಸೆರೆ ಮತ್ತು 5,000ದಿಂದ 50,000 ರೂಪಾಯಿ ದಂಡ. ಪೂಜೆ, ಪ್ರದಕ್ಷಿಣೆ, ಮಕ್ಕಳಿಗೆ ಕಿವಿ–ಮೂಗು ಚುಚ್ಚಿಸುವುದು ಇದರ ವ್ಯಾಪ್ತಿಗೆ ಬರುವುದಿಲ್ಲ.

ತಂದೆತಾಯಿಯ ಒಪ್ಪಿಗೆಗೆ ಕಾಯಲು ಹೊತ್ತಿಲ್ಲದ ತುರ್ತಿನಲ್ಲಿ, ಮಗುವಿನ ಒಳಿತಿಗಾಗಿ ಸದ್ಭಾವನೆಯಿಂದ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮು ರಕ್ಷಣೆ ಕೊಡುತ್ತದೆ. ಹಳೆಯ ದಂಡ ಸಂಹಿತೆಯ 92ನೇ ಕಲಮಿನಲ್ಲೂ ಇದೇ ಇತ್ತು. ಕಾನೂನಿನ ಕೊರತೆ ಬೇರೆ ಕಡೆ ಇದೆ. ಅದು ಎದುರು ನಿಂತು ಬೇಡವೆನ್ನುವ ತಂದೆಯನ್ನು ಗುರುತಿಸಬಲ್ಲದು. ನಾಳೆ ಹೂ ಪ್ರಸಾದ ಕೇಳಿ ಹೋಗೋಣ ಎನ್ನುವ ಮನೆಯನ್ನು ಗುರುತಿಸಲಾರದು. ಆ ಮನೆಯಲ್ಲಿ ತೀರ್ಮಾನ ಹೆಚ್ಚಾಗಿ ತಾಯಿಯದಲ್ಲ, ಅತ್ತೆಯದು, ಮಾವನದು, ಪೂಜಾರಿಯದು. ಹೆತ್ತವಳನ್ನು ಜೈಲಿಗೆ ಕಳಿಸುವ ಬೆದರಿಕೆ ಅಂಥ ಮನೆಯವರನ್ನು ಆಸ್ಪತ್ರೆಯಿಂದ ಇನ್ನಷ್ಟು ದೂರ ಮಾಡುತ್ತದೆ.

ಹೊರದೇಶಗಳ ಅನುಭವ

ಅಮೆರಿಕದಲ್ಲಿ ಸೇತ್ ಆ್ಯಸರ್ ಮತ್ತು ರೀಟಾ ಸ್ವಾನ್ 1998ರಲ್ಲಿ ಪ್ರಕಟಿಸಿದ ಅಧ್ಯಯನವು 1975–95ರ ನಡುವೆ ಧಾರ್ಮಿಕ ಕಾರಣದಿಂದ ಚಿಕಿತ್ಸೆ ಸಿಗದೆ ಸತ್ತ 172 ಮಕ್ಕಳನ್ನು ಪರಿಶೀಲಿಸಿತು. ಅವರಲ್ಲಿ 140 ಮಕ್ಕಳ ಕಾಯಿಲೆಗಳು, ಚಿಕಿತ್ಸೆ ಸಿಕ್ಕಿದ್ದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಬದುಕುವಂಥವು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು ರಕ್ತ ಪಡೆಯುವುದನ್ನು ಒಪ್ಪುವುದಿಲ್ಲ. ಮಗುವಿನ ಪ್ರಾಣದ ಪ್ರಶ್ನೆ ಬಂದಾಗ ಅಲ್ಲಿನ ನ್ಯಾಯಾಲಯಗಳು ಸಾಮಾನ್ಯವಾಗಿ ರಕ್ತ ಕೊಡಲು ಅಪ್ಪಣೆ ನೀಡುತ್ತವೆ. ಹೆತ್ತವರು ತಮ್ಮ ನಂಬಿಕೆಗೆ ತಮ್ಮ ಪ್ರಾಣ ಕೊಡಬಹುದು, ಮಗುವಿನದನ್ನಲ್ಲ ಎಂಬ ಆಶಯ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1944ರಲ್ಲಿ ಪ್ರಿನ್ಸ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಬಂದದ್ದು.

ಮತ್ತೆ ನಮ್ಮ ಸೀಮೆಗೆ ಬಂದರೆ, ಚನ್ನಗಿರಿ, ಹೊನ್ನಾಳಿ, ಜಗಳೂರಿನಲ್ಲಿ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗಳಿವೆ. ಮೇಲಿನ ಚಿಕಿತ್ಸೆಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಮತ್ತು ಬಾಪೂಜಿ ಮಕ್ಕಳ ಆಸ್ಪತ್ರೆ, ಹೊನ್ನಾಳಿ–ನ್ಯಾಮತಿಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಕೂಡ ಹತ್ತಿರ. ಅಮ್ಮ ಆದ ಮಗು ಮೇಲುಸಿರು ಬಿಡುತ್ತಿದ್ದರೆ, ಹಾಲು–ನೀರು ಕುಡಿಯದಿದ್ದರೆ, ಸೆಟೆದುಕೊಂಡರೆ ಅಥವಾ ಕಣ್ಣು ಮಂಜಾದರೆ ಬೆಸ ದಿನಕ್ಕೆ ಕಾಯದೆ ಅಂದೇ ಕರೆದೊಯ್ಯಬೇಕು. ತಡೆಯುವವರಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು.