ಇರುವೆಗೆ ಕಂದಕ, ಬೆಲ್ಲಕ್ಕೆ ಕಾವಲು

ಬೆಲ್ಲವಿದ್ದಲ್ಲಿ ಇರುವೆ ಎಂಬ ಮಾತು ಹಳೆಯದು. ಇರುವೆಯಿಂದ ಬೆಲ್ಲವನ್ನು ಕಾಪಾಡುವ ಉಪಾಯಗಳೂ ಅಷ್ಟೇ ಹಳೆಯವು. ಕೋಟೆಗೆ ಕಂದಕವಿದ್ದಂತೆ ನಮ್ಮ ಅಡುಗೆಮನೆಗಳಲ್ಲಿ ತುಪ್ಪದ ಗಡಿಗೆಗೂ ಒಂದು ಕಂದಕವಿರುತ್ತಿತ್ತು. ಅಗಲವಾದ ಬಟ್ಟಲಿಗೆ ನೀರು ತುಂಬಿ ನಡುವೆ ಪಾತ್ರೆ ಇಟ್ಟರೆ ಮುಗಿಯಿತು. ದಂಡೆಯವರೆಗೆ ಬಂದ ಇರುವೆ ಸಾಲು ಅಲ್ಲಿಂದಲೇ ಹಿಂದಿರುಗುತ್ತಿತ್ತು.

ಹಾಲು, ಮೊಸರು ಸೂರಿನಿಂದ ಇಳಿಬಿಟ್ಟ ನೆಲುವಿನಲ್ಲಿ ತೂಗುತ್ತಿದ್ದವು. ಫ್ರಿಜ್ ಬರುವ ಮುನ್ನ ಬ್ರಿಟಿಷರ ಬಂಗಲೆಗಳಲ್ಲೂ, ಪಟ್ಟಣದ ಅನುಕೂಲಸ್ಥರ ಮನೆಗಳಲ್ಲೂ ಜಾಲರಿ ಕಪಾಟು ಇರುತ್ತಿತ್ತು. ಅದರ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲುಗಳಲ್ಲಿ ಇಡುವುದು ವಾಡಿಕೆ. ಈ ಉಪಾಯಗಳಲ್ಲೆಲ್ಲ ಒಂದು ಸಮಾನ ಅಂಶವಿದೆ. ಇರುವೆಯನ್ನು ಕೊಲ್ಲುವುದಲ್ಲ, ದಾರಿ ತಪ್ಪಿಸುವುದೇ ಇವುಗಳ ಗುರಿ.

ಹಾಗಾದರೆ ವಿಷ ಅಡುಗೆಮನೆಗೆ ಕಾಲಿಟ್ಟದ್ದು ಯಾವಾಗ? ಗ್ಯಾಮಾಕ್ಸಿನ್ ಎಂದು ಮನೆಮಾತಾದ ಬಿ.ಎಚ್.ಸಿ. ರಾಸಾಯನಿಕವನ್ನು 1825ರಲ್ಲೇ ಮೈಕೇಲ್ ಫ್ಯಾರಡೆ ತಯಾರಿಸಿದ್ದರು. ಅದು ಕೀಟನಾಶಕವಾಗಿ ಬಳಕೆಗೆ ಬಂದದ್ದು ಮಾತ್ರ 1940ರ ದಶಕದಲ್ಲಿ. 1952ರಲ್ಲಿ ಕಲ್ಕತ್ತಾ ಬಳಿಯ ರಿಶ್ರಾದಲ್ಲಿ ಇದರ ಉತ್ಪಾದನೆ ಆರಂಭವಾಯಿತು. ಅಗ್ಗದ ಪುಡಿ, ಒಂದು ಗೆರೆ ಎಳೆದರೆ ಸಾಕು. ನೀರು ಬದಲಿಸುವ ಕಷ್ಟವಿಲ್ಲ. ಹೊಲಕ್ಕೆಂದು ತಯಾರಾದದ್ದು ಅಕ್ಕಿ ಡಬ್ಬಿಯ ಪಕ್ಕಕ್ಕೂ ಬಂತು.

ಆಹಾರ ಮತ್ತು ವಿಷ ಅಕ್ಕಪಕ್ಕ ಇದ್ದರೆ ಏನಾದೀತು ಎಂಬುದನ್ನು ಕೇರಳ 1958ರಲ್ಲಿ ಕಂಡಿತು. ಅಲ್ಲಿ ಬಳಕೆಯಾಗಿದ್ದುದು ಬೇರೆ ಕೀಟನಾಶಕ, ಪ್ಯಾರಥಿಯಾನ್. ಹಡಗಿನಲ್ಲಿ ಅದರೊಂದಿಗೆ ಸಾಗಿಸಿದ ಗೋಧಿ ಹಿಟ್ಟಿಗೆ ವಿಷ ಸೋಂಕಿ ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಈ ದುರಂತದ ನಂತರವೇ ದೇಶಕ್ಕೆ 1968ರ ಕೀಟನಾಶಕ ಕಾಯ್ದೆ ಬಂತು. ಬಿ.ಎಚ್.ಸಿ. ಹೀಗೆ ಒಂದೇ ದಿನದಲ್ಲಿ ಕೊಲ್ಲಲಿಲ್ಲ. ಮಣ್ಣಿನಲ್ಲಿ, ಕೊಬ್ಬಿನಲ್ಲಿ ಉಳಿದು, ಹಾಲಿನಲ್ಲೂ, ತಾಯಿಯ ಎದೆಹಾಲಿನಲ್ಲೂ ಕಾಣಿಸಿಕೊಂಡಿತು. 1997ರಲ್ಲಿ ಭಾರತ ಅದನ್ನು ನಿಷೇಧಿಸಿತು.

ಇಷ್ಟಾದರೂ ಪುಡಿಯಿಂದ ಇರುವೆ ತೊಲಗಿತೇ? ನಮ್ಮ ಕಣ್ಣಿಗೆ ಬೀಳುವುದು ಆಹಾರ ಅರಸಿ ಹೊರಟ ಕೆಲಸಗಾರ ಇರುವೆಗಳು ಮಾತ್ರ. ರಾಣಿ ಗೂಡಿನಲ್ಲಿ ಸುರಕ್ಷಿತ. ಮನೆಗಳಲ್ಲಿ ಕಾಣುವ ಫೇರೋ ಇರುವೆಗಳಂತೂ ವಿಷ ಸಿಂಪಡಿಸಿದರೆ ಒಂದು ಗೂಡನ್ನು ಹಲವಾಗಿ ಒಡೆದುಕೊಂಡು ಮನೆ ತುಂಬ ಹಬ್ಬುತ್ತವೆ.

ಇರುವೆ ಸಾಲಿನ ಗುಟ್ಟನ್ನು ಅಮೆರಿಕದ ವಿಜ್ಞಾನಿ ಇ.ಒ. ವಿಲ್ಸನ್ 1959ರಲ್ಲಿ ಬಯಲು ಮಾಡಿದರು. ಬೆಂಕಿ ಇರುವೆಯ ಹೊಟ್ಟೆಯಲ್ಲಿನ ಪುಟ್ಟ ಗ್ರಂಥಿಯೊಂದನ್ನು ಅರೆದು ಗೆರೆ ಎಳೆದಾಗ ಇರುವೆಗಳು ಆ ಗೆರೆಯ ಮೇಲೆಯೇ ನಡೆದವು. ಆಹಾರ ಕಂಡ ಇರುವೆ ವಾಸನೆಯ ಗೆರೆ ಎಳೆಯುತ್ತಾ ಗೂಡಿಗೆ ಮರಳುತ್ತದೆ. ಉಳಿದವು ಅದನ್ನೇ ಹಿಂಬಾಲಿಸುತ್ತವೆ. ಆದ್ದರಿಂದ ಇರುವೆಯನ್ನು ಹೊಸಕುವುದಕ್ಕಿಂತ ಸೋಪಿನ ನೀರಿನಿಂದಲೋ ವಿನೆಗರ್‌ನಿಂದಲೋ ಆ ದಾರಿಯನ್ನು ಒರೆಸುವುದೇ ಜಾಣತನ. ಬಳಿಕ ಅವು ನುಸುಳುವ ಬಿರುಕನ್ನು ಮುಚ್ಚಬೇಕು.

ಅರಿಸಿನ, ಲವಂಗ, ಕರ್ಪೂರಗಳ ಘಾಟು ಇರುವೆಯನ್ನು ಸ್ವಲ್ಪ ಕಾಲ ದೂರವಿಡಬಲ್ಲದು. ಘಾಟು ಆರಿದ ಮೇಲೆ ಅವು ಮತ್ತೆ ಬರುತ್ತವೆ. ಅದಕ್ಕಿಂತ ನೀರಿನ ಬಟ್ಟಲೇ ಹೆಚ್ಚು ನಂಬಿಕಸ್ಥ. ಆದರೆ ಹಿಂದಿನವರಿಗಿಲ್ಲದ ಒಂದು ಎಚ್ಚರ ನಮಗೆ ಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಥಾಯ್ಲೆಂಡ್‌ನಲ್ಲಿ ಕಪಾಟಿನ ಕಾಲಡಿಯ ಬಟ್ಟಲುಗಳಲ್ಲೇ ಇದರ ಮರಿಗಳು ಸಿಕ್ಕಿವೆ. ವಾರಕ್ಕೊಮ್ಮೆಯಾದರೂ ಬಟ್ಟಲು ತಿಕ್ಕಿ ನೀರು ಬದಲಿಸಿ, ಒಂದು ಹಿಡಿ ಉಪ್ಪು ಹಾಕಿದರೆ ಸೊಳ್ಳೆಗೂ ಅಲ್ಲಿ ಜಾಗವಿಲ್ಲ, ಇರುವೆಗೂ ದಾರಿಯಿಲ್ಲ.