ಹಲವು ಎಕ್ಸ್‌ಎಂಎಲ್ ಕಡತಗಳನ್ನು ಒಂದುಗೂಡಿಸುವ ಬಗೆ

ಎಕ್ಸ್‌ಎಂಎಲ್ ಎಂಬುದು ಮಾಹಿತಿಯನ್ನು ಬರೆದಿಡುವ ಒಂದು ಕ್ರಮ. ಅದರ ಮೊದಲ ಆವೃತ್ತಿಯನ್ನು ವಿಶ್ವವ್ಯಾಪಿ ಜಾಲ ಒಕ್ಕೂಟವು 1998ರ ಫೆಬ್ರವರಿ 10ರಂದು ಪ್ರಕಟಿಸಿತು. ಪ್ರತಿಯೊಂದು ಅಂಶದ ಮುಂದೆಯೂ ಹಿಂದೆಯೂ ಅದರ ಹೆಸರನ್ನು ಕೋನಾವರಣದಲ್ಲಿ ಬರೆಯುವುದು ಈ ಕ್ರಮದ ಲಕ್ಷಣ. ಈ ಹೆಸರಿಗೆ ಟ್ಯಾಗ್ ಎನ್ನುತ್ತಾರೆ. ಯಾವುದು ಹೆಸರು, ಯಾವುದು ವಿಳಾಸ, ಯಾವುದು ದಿನಾಂಕ ಎಂಬುದನ್ನು ಮನುಷ್ಯರೂ ಯಂತ್ರವೂ ಓದಿ ತಿಳಿಯಬಹುದಾದ್ದರಿಂದ ಇದು ಎಲ್ಲೆಡೆ ಹಬ್ಬಿತು. ನಮ್ಮ ಸಂಘದ ಸದಸ್ಯರಲ್ಲಿ ಬಹುಮಂದಿಗೆ ಈ ಹೆಸರು ಅಪರಿಚಿತವೆನಿಸಬಹುದು. ಆದರೆ ಇಂತಹ ಕಡತಗಳು ಅವರ ಮನೆಯ ಗಣಕಯಂತ್ರದಲ್ಲಿ ಈಗಾಗಲೇ ಇರುವ ಸಂಭವ ಹೆಚ್ಚು. 2021ರವರೆಗೆ ಆದಾಯ ತೆರಿಗೆ ವಿವರಣ ಪತ್ರವನ್ನು ಅಂತರಜಾಲದಲ್ಲಿ ಸಲ್ಲಿಸುತ್ತಿದ್ದವರು ಪ್ರತಿವರ್ಷವೂ ಒಂದೊಂದು ಎಕ್ಸ್‌ಎಂಎಲ್ ಕಡತವನ್ನು ತಯಾರಿಸುತ್ತಿದ್ದರು. ಆ ಬಳಿಕ ಅದರ ಸ್ಥಾನಕ್ಕೆ ಜೇಸನ್ ಎಂಬ ಮತ್ತೊಂದು ಕ್ರಮ ಬಂದಿತು. ಬ್ಲಾಗ್ ಬರಹಗಳನ್ನು ಇಳಿಸಿಕೊಂಡರೂ, ಮೊಬೈಲಿನ ಸಂದೇಶಗಳ ಪ್ರತಿ ತೆಗೆಯುವ ಕೆಲವು ಆಪ್‌ಗಳನ್ನು ಬಳಸಿದರೂ ದೊರೆಯುವುದು ಎಕ್ಸ್‌ಎಂಎಲ್ ಕಡತವೇ.

ಹೀಗೆ ಚದುರಿದ ಕಡತಗಳನ್ನು ಒಂದೇ ಕಡತವಾಗಿಸಬೇಕೆಂಬ ಅಪೇಕ್ಷೆ ಸಹಜ. ಹತ್ತು ವರ್ಷ ಬರೆದ ಕನ್ನಡ ಬ್ಲಾಗ್ ಒಂದರ ಬರಹಗಳೆಲ್ಲ ಒಟ್ಟಿಗೆ ಇದ್ದರೆ ಹುಡುಕಲು ಸುಲಭ, ಮುದ್ರಿಸಲು ಸುಲಭ, ಮಕ್ಕಳಿಗೆ ಒಪ್ಪಿಸಲೂ ಸುಲಭ. ಜಾಲತಾಣಗಳನ್ನೇ ನಂಬಿ ಕುಳಿತವರಿಗೆ ಏನಾಯಿತೆಂಬುದನ್ನು ನಾವು ಕಂಡಿದ್ದೇವೆ. ಯಾಹೂವಿನ ಜಿಯೋಸಿಟೀಸ್ 2009ರ ಅಕ್ಟೋಬರ್‌ನಲ್ಲಿ, ಆರ್ಕುಟ್ 2014ರ ಸೆಪ್ಟೆಂಬರ್ 30ರಂದು, ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಮುಚ್ಚಿಹೋದವು. ಪ್ರತಿ ಇಳಿಸಿಟ್ಟುಕೊಳ್ಳದೆ ಇದ್ದವರ ಬರಹಗಳು ಅವುಗಳೊಡನೆಯೇ ಹೋದವು.

ದೆಹಲಿಯ ಚೆಕ್ಕುಗಳು

ಅನೇಕ ದಾಖಲೆಗಳನ್ನು ಒಂದು ಎಕ್ಸ್‌ಎಂಎಲ್ ಕಡತಕ್ಕೆ ಸೇರಿಸುವ ಕಾರ್ಯಕ್ಕೆ ನಮ್ಮ ಊರಿನ ಸಮೀಪದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಭಾರತೀಯ ರಿಸರ್ವ್ ಬ್ಯಾಂಕು ಚೆಕ್ ಟ್ರಂಕೇಷನ್ ವ್ಯವಸ್ಥೆಯನ್ನು ದೇಶದಲ್ಲಿ ಮೊಟ್ಟಮೊದಲು ಜಾರಿಗೆ ತಂದದ್ದು ನವದೆಹಲಿಯ ರಾಷ್ಟ್ರ ರಾಜಧಾನಿ ಪ್ರದೇಶದಲ್ಲಿ, 2008ರ ಫೆಬ್ರವರಿ 1ರಂದು. ಚೆನ್ನೈಗೆ ಅದು ಬಂದದ್ದು 2011ರಲ್ಲಿ, ಮುಂಬಯಿಗೆ 2013ರಲ್ಲಿ. ಗುರುಗ್ರಾಮದ (2016ರವರೆಗೆ ಗುರ್ಗಾಂವ್) ಪಿನ್ ಸಂಖ್ಯೆ 122ರಿಂದ ಆರಂಭವಾದರೂ ಇಲ್ಲಿನ ಶಾಖೆಗಳ ಚೆಕ್ಕಿನ ಕೆಳಗಿರುವ ಒಂಬತ್ತು ಅಂಕಿಗಳ ಸಂಕೇತ ಸಾಮಾನ್ಯವಾಗಿ ದೆಹಲಿಯ 110ರಿಂದಲೇ ತೊಡಗುತ್ತದೆ. ಮನೆಯಲ್ಲಿರುವ ಚೆಕ್ ಪುಸ್ತಕವನ್ನು ತೆರೆದು ನೋಡಬಹುದು. ಮೊದಲ ಮೂರು ಅಂಕಿ ಊರಿಗೆ, ನಡುವಿನ ಮೂರು ಬ್ಯಾಂಕಿಗೆ, ಕೊನೆಯ ಮೂರು ಶಾಖೆಗೆ ಸಲ್ಲುತ್ತವೆ.

ಈ ವ್ಯವಸ್ಥೆಗೆ ಮುನ್ನ ಚೆಕ್ಕುಗಳ ಕಟ್ಟುಗಳೇ ವಾಹನದಲ್ಲಿ ತೀರುವೆ ಮನೆಗೆ ಪ್ರಯಾಣ ಮಾಡುತ್ತಿದ್ದವು. ಬಂದ ಮೇಲೆ ಕಾಗದ ಪಡೆದ ಬ್ಯಾಂಕಿನಲ್ಲಿಯೇ ನಿಂತಿತು. ಅದನ್ನು ಹತ್ತು ವರ್ಷ ಕಾಪಾಡುವ ಹೊಣೆಯೂ ಆ ಬ್ಯಾಂಕಿನದೇ. ಪ್ರಯಾಣ ಮಾಡುವುದು ಚಿತ್ರ ಮಾತ್ರ. ಪ್ರತಿ ಚೆಕ್ಕಿಗೂ ಮೂರು ಚಿತ್ರಗಳು: ಮುಂಭಾಗದ ಎರಡು, ಹಿಂಭಾಗದ ಒಂದು. ಚಿತ್ರಗಳೆಲ್ಲ ಒಂದು ಕಡತದಲ್ಲಿಯೂ ಚೆಕ್ಕುಗಳ ವಿವರಗಳೆಲ್ಲ ಮತ್ತೊಂದು ಎಕ್ಸ್‌ಎಂಎಲ್ ಕಡತದಲ್ಲಿಯೂ ಸೇರುತ್ತವೆ. ಆ ಎಕ್ಸ್‌ಎಂಎಲ್ ಕಡತದ ರಚನೆ ಗಮನಾರ್ಹವಾದುದು. ಆರಂಭದಲ್ಲಿ ಒಂದೇ ಒಂದು ಶಿರೋಭಾಗ, ನಡುವೆ ಚೆಕ್ಕಿಗೊಂದರಂತೆ ಅಂಶಗಳು, ಕೊನೆಯಲ್ಲಿ ಚೆಕ್ಕುಗಳ ಒಟ್ಟು ಸಂಖ್ಯೆಯನ್ನೂ ಒಟ್ಟು ಮೊತ್ತವನ್ನೂ ಸಾರುವ ಸಾರಾಂಶ. ಹಳೆಯ ಲೆಡ್ಜರಿನ ಪುಟದ ಅಡಿಯಲ್ಲಿ ಮೊತ್ತ ಬರೆದು ತಾಳೆ ನೋಡುತ್ತಿದ್ದವರಿಗೆ ಇದರಲ್ಲಿ ಹೊಸದೇನೂ ಕಾಣದು. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳನ್ನು ಕಂತುಕಂತಾಗಿ ಕೂಡಿಹಾಕದೆ, ಬಂದಂತೆ ಕಳುಹಿಸುವ ನಿರಂತರ ತೀರುವೆ ಜಾರಿಗೆ ಬಂದಿದೆ. ಎಣಿಕೆಯನ್ನು ತಾಳೆ ನೋಡುವ ಅಗತ್ಯವಂತೂ ಅದರಿಂದ ತಪ್ಪಲಿಲ್ಲ.

ಬರಿದೆ ಜೋಡಿಸಿದರೆ ಸಾಲದೇಕೆ?

ಎರಡು ಸಾಮಾನ್ಯ ಪಠ್ಯ ಕಡತಗಳನ್ನು ಒಂದರ ಕೆಳಗೊಂದು ಅಂಟಿಸಿದರೆ ಕೆಲಸ ಮುಗಿಯಿತು. ಎಕ್ಸ್‌ಎಂಎಲ್ ಕಡತ ಹಾಗಲ್ಲ. ಅದರಲ್ಲಿ ಎಲ್ಲವನ್ನೂ ಒಳಗೊಳ್ಳುವ ಒಂದೇ ಒಂದು ಮೂಲ ಅಂಶವಿರಬೇಕು. ಒಂದು ಮನೆಗೆ ಒಂದೇ ಹೆಬ್ಬಾಗಿಲು ಎಂದುಕೊಳ್ಳೋಣ. ಇಪ್ಪತ್ತು ಕಡತಗಳನ್ನು ಅಂಟಿಸಿದರೆ ಇಪ್ಪತ್ತು ಹೆಬ್ಬಾಗಿಲುಗಳಾದವು. ಓದುವ ತಂತ್ರಾಂಶ ಎರಡನೆಯದನ್ನು ಕಂಡೊಡನೆ ದೋಷವೆಂದು ನಿಲ್ಲುತ್ತದೆ. ಅದಲ್ಲದೆ ಕಡತದ ಮೊದಲ ಸಾಲಿನಲ್ಲಿ ಎಕ್ಸ್‌ಎಂಎಲ್‌ನ ಆವೃತ್ತಿಯನ್ನೂ ಲಿಪಿಸಂಕೇತವನ್ನೂ ಸಾರುವ ಘೋಷಣೆ ಸಾಮಾನ್ಯವಾಗಿ ಇರುತ್ತದೆ. ಅದು ಕಡತದ ಆದಿಯಲ್ಲಿ ಮಾತ್ರ ಬರತಕ್ಕದ್ದು, ನಡುವೆ ಬರಕೂಡದು. ಆದುದರಿಂದ ಪ್ರತಿ ಕಡತದ ಘೋಷಣೆಯನ್ನೂ ಮೂಲ ಅಂಶದ ಆದಿ ಅಂತ್ಯಗಳ ಟ್ಯಾಗ್‌ಗಳನ್ನೂ ಕಳಚಿ, ಒಳಗಿನದನ್ನು ಮಾತ್ರ ಸಾಲಾಗಿರಿಸಿ, ಎಲ್ಲಕ್ಕೂ ಸೇರಿ ಒಂದೇ ಹೊದಿಕೆ ಹೊದಿಸಬೇಕು.

ಬ್ಯಾಚ್ ಕಡತದಿಂದ ಮಾಡುವ ಕ್ರಮ

ವಿಂಡೋಸ್ ಗಣಕದಲ್ಲಿ ಇದಕ್ಕೆ ಬೇರೆ ತಂತ್ರಾಂಶವನ್ನು ಕೊಳ್ಳಬೇಕಾಗಿಲ್ಲ. ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಪಠ್ಯ ಕಡತವೇ ಬ್ಯಾಚ್ ಕಡತ. ಅದನ್ನು ತೆರೆದರೆ ಆಜ್ಞೆಗಳು ಒಂದಾದ ಮೇಲೊಂದು ನಡೆಯುತ್ತವೆ. (ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ರೋಮನ್ ಲಿಪಿಯನ್ನೇ ಬಳಸಬೇಕು.)

ಮೊದಲು ಎಲ್ಲ ಮೂಲ ಕಡತಗಳನ್ನು ಒಂದು ಫೋಲ್ಡರಿಗೆ ನಕಲು ಮಾಡಿಕೊಳ್ಳಬೇಕು. ಫಲಿತಾಂಶ ಬೇರೊಂದು ಫೋಲ್ಡರಿನಲ್ಲಿ ಇರಲಿ. ಎರಡೂ ಒಂದೇ ಕಡೆ ಇದ್ದರೆ, ಎಲ್ಲ ಎಕ್ಸ್‌ಎಂಎಲ್ ಕಡತಗಳನ್ನೂ ಸೇರಿಸು ಎಂಬ ಆಜ್ಞೆಯು ತಾನೇ ತಯಾರಿಸುತ್ತಿರುವ ಕಡತವನ್ನೂ ತನ್ನೊಳಗೆ ಸೇರಿಸಿಕೊಳ್ಳಲು ಹೊರಡುತ್ತದೆ. ಕಡತಗಳಿಗೆ 1, 2, 10 ಎಂದು ಹೆಸರಿಟ್ಟಿದ್ದರೆ 001, 002, 010 ಎಂದು ಬದಲಿಸುವುದು ಲೇಸು. ಇಲ್ಲವಾದರೆ ಅಕಾರಾದಿ ಕ್ರಮದಲ್ಲಿ 1ರ ಬಳಿಕ 10 ಬಂದು, ಅನಂತರ 2 ಬರುತ್ತದೆ. ಫೋಲ್ಡರುಗಳ ಹೆಸರು ರೋಮನ್ ಲಿಪಿಯಲ್ಲಿದ್ದರೆ ಬ್ಯಾಚ್ ಕಡತಕ್ಕೆ ತೊಡಕಿಲ್ಲ.

ಬಳಿಕ ನೋಟ್‌ಪ್ಯಾಡ್‌ನಲ್ಲಿ ಎರಡು ಸಣ್ಣ ಕಡತಗಳನ್ನು ಬರೆಯಬೇಕು. ತಲೆ ಎಂಬುದರಲ್ಲಿ ಘೋಷಣೆಯ ಸಾಲು ಮತ್ತು ಮೂಲ ಅಂಶದ ಆರಂಭದ ಟ್ಯಾಗ್; ಬಾಲ ಎಂಬುದರಲ್ಲಿ ಅದೇ ಅಂಶದ ಮುಕ್ತಾಯದ ಟ್ಯಾಗ್. ಆರಂಭದ ಟ್ಯಾಗನ್ನು ಕೈಯಿಂದ ಬರೆಯದೆ ಮೂಲ ಕಡತವೊಂದರಿಂದಲೇ ನಕಲು ಮಾಡುವುದು ಕ್ಷೇಮ; ಒಳಗಿನ ಟ್ಯಾಗ್‌ಗಳ ಪೂರ್ವಪದಗಳಿಗೆ ಅರ್ಥ ಕೊಡುವ ಘೋಷಣೆಗಳು ಅನೇಕ ವೇಳೆ ಅಲ್ಲಿಯೇ ಇರುತ್ತವೆ. ಎಕೋ ಆಜ್ಞೆಯಿಂದಲೂ ಈ ಸಾಲುಗಳನ್ನು ಬರೆಸಬಹುದು. ಆದರೆ ಕೋನಾವರಣಗಳಿಗೆ ಆಜ್ಞಾಸಾಲಿನಲ್ಲಿ ಬೇರೆಯೇ ಅರ್ಥವಿರುವುದರಿಂದ ಪ್ರತಿಯೊಂದರ ಹಿಂದೆಯೂ ಕ್ಯಾರೆಟ್ ಚಿಹ್ನೆ ಹಾಕಬೇಕಾಗುತ್ತದೆ. ತಲೆ ಬಾಲಗಳ ಉಪಾಯ ಸರಳವಾದುದು.

ಇನ್ನು ಬ್ಯಾಚ್ ಕಡತ. ಅದರ ಮೊದಲ ಆಜ್ಞೆ ಹಿಂದಿನ ಸಲದ 'ನಡು' ಕಡತವಿದ್ದರೆ ಅದನ್ನು ಅಳಿಸುವುದು. ಇದನ್ನು ಬಿಟ್ಟು ಎರಡನೆಯ ಬಾರಿ ನಡೆಸಿದರೆ ಪ್ರತಿಯೊಂದು ದಾಖಲೆಯೂ ಎರಡೆರಡು ಸಲ ಸೇರುತ್ತದೆ. ಎರಡನೆಯದು ಫಾರ್ ಆಜ್ಞೆ: ಫೋಲ್ಡರಿನ ಒಂದೊಂದು ಕಡತವನ್ನೂ ತೆಗೆದುಕೊಂಡು ಫೈಂಡ್‌ಸ್ಟರ್ ಆಜ್ಞೆಗೆ ಒಪ್ಪಿಸುತ್ತದೆ. ಬ್ಯಾಚ್ ಕಡತದೊಳಗೆ ಫಾರ್‌ನ ಚರಪದಕ್ಕೆ ಎರಡು ಶೇಕಡಾ ಚಿಹ್ನೆಗಳಿರಬೇಕು, ನೇರವಾಗಿ ಆಜ್ಞಾಸಾಲಿನಲ್ಲಾದರೆ ಒಂದೇ ಸಾಕು. ಫೈಂಡ್‌ಸ್ಟರ್‌ಗೆ ಓರೆಗೆರೆಯೊಡನೆ ವಿ ಅಕ್ಷರವನ್ನು ಕೊಟ್ಟರೆ ಅದು ಸೂಚಿಸಿದ ಪದಗಳಿರುವ ಸಾಲುಗಳನ್ನು ಬಿಟ್ಟು ಉಳಿದವನ್ನು ಮಾತ್ರ ಹೊರಡಿಸುತ್ತದೆ. ಘೋಷಣೆ, ಮೂಲ ಅಂಶದ ಆರಂಭ, ಅದರ ಮುಕ್ತಾಯ, ಈ ಮೂರನ್ನೂ ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆದು ಬಿಡಿಸಬೇಕು. ಹೊರಬಂದ ಸಾಲುಗಳನ್ನು ಜೋಡಿ ಕೋನಚಿಹ್ನೆಯ ಮೂಲಕ 'ನಡು' ಕಡತದ ತುದಿಗೆ ಸೇರಿಸಬೇಕು. ಮೂರನೆಯದು ಕಾಪಿ ಆಜ್ಞೆ: ತಲೆ, ನಡು, ಬಾಲ ಇವುಗಳ ನಡುವೆ ಕೂಡುಚಿಹ್ನೆಯಿಟ್ಟು ಹೊಸ ಹೆಸರಿಗೆ ನಕಲು ಮಾಡುವುದು. ಇಲ್ಲಿ ಓರೆಗೆರೆಯೊಡನೆ ಬಿ ಅಕ್ಷರವನ್ನು ಮರೆಯಬಾರದು. ಅದಿಲ್ಲದಿದ್ದರೆ ಕಾಪಿ ಆಜ್ಞೆಯು ಡಾಸ್ ಕಾಲದ ಪದ್ಧತಿಯಂತೆ ಕಡತದ ತುದಿಗೆ ಕಣ್ಣಿಗೆ ಕಾಣದ ಅಂತ್ಯಚಿಹ್ನೆಯೊಂದನ್ನು ಸೇರಿಸುತ್ತದೆ; ಎಕ್ಸ್‌ಎಂಎಲ್‌ನಲ್ಲಿ ಆ ಚಿಹ್ನೆ ನಿಷಿದ್ಧ.

ಈ ಕ್ರಮಕ್ಕೆ ಒಂದು ಮುಖ್ಯ ಮಿತಿಯಿದೆ. ಫೈಂಡ್‌ಸ್ಟರ್ ನೋಡುವುದು ಸಾಲನ್ನು, ಟ್ಯಾಗನ್ನಲ್ಲ. ಯಂತ್ರಗಳು ತಯಾರಿಸಿದ ಎಷ್ಟೋ ಎಕ್ಸ್‌ಎಂಎಲ್ ಕಡತಗಳು ಆದಿಯಿಂದ ಅಂತ್ಯದವರೆಗೆ ಒಂದೇ ಸಾಲಿನಲ್ಲಿರುತ್ತವೆ. ಅಂತಹ ಕಡತದಲ್ಲಿ ಘೋಷಣೆಯ ಸಾಲನ್ನು ಬಿಡು ಎಂದರೆ ಇಡೀ ಕಡತವನ್ನೇ ಬಿಟ್ಟಂತಾಗುತ್ತದೆ. ದೋಷದ ಸಂದೇಶವೂ ಬರುವುದಿಲ್ಲ; ಒಂದು ವರ್ಷದ ಬರಹಗಳು ಸದ್ದಿಲ್ಲದೆ ಇಲ್ಲವಾಗಿರುತ್ತವೆ. ಆದ್ದರಿಂದ ಮೊದಲು ಒಂದೊಂದು ಕಡತವನ್ನೂ ನೋಟ್‌ಪ್ಯಾಡ್‌ನಲ್ಲಿ ತೆರೆದು, ಘೋಷಣೆಯೂ ಮೂಲ ಟ್ಯಾಗ್‌ಗಳೂ ಪ್ರತ್ಯೇಕ ಸಾಲುಗಳಲ್ಲಿವೆಯೇ ಎಂದು ನೋಡಿಕೊಳ್ಳತಕ್ಕದ್ದು.

ಕನ್ನಡ ಅಕ್ಷರಗಳ ವಿಚಾರ

ಯೂನಿಕೋಡ್‌ನಲ್ಲಿ ನಮ್ಮ 'ಕ್ಷ' ಒಂದಕ್ಷರವಲ್ಲ: ಕ, ಅರ್ಧಾಕ್ಷರದ ಚಿಹ್ನೆ, ಷ ಎಂಬ ಮೂರು ಸಂಕೇತಗಳು. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ ಮೂರು ಬೈಟ್‌ಗಳಂತೆ ಒಟ್ಟು ಒಂಬತ್ತು. ಇವುಗಳಲ್ಲಿ ಒಂದು ಬೈಟ್ ಬದಲಾದರೂ ಅಕ್ಷರ ಕೆಡುತ್ತದೆ. ಫೈಂಡ್‌ಸ್ಟರ್ ಮತ್ತು ಬಿ ಸಹಿತವಾದ ಕಾಪಿ, ಎರಡೂ ಯುಟಿಎಫ್-8 ಬೈಟ್‌ಗಳನ್ನು ಇದ್ದಂತೆಯೇ ಸಾಗಿಸುತ್ತವೆ. ಆದರೆ ಯುಟಿಎಫ್-16ರಲ್ಲಿ ಉಳಿಸಿದ ಕಡತವನ್ನು ಟೈಪ್ ಆಜ್ಞೆಯಿಂದ ಮತ್ತೊಂದಕ್ಕೆ ಹರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೊರಬರಬಹುದು. ಹಾಗೆ ಹೊರಬಂದ ಕಡತದಿಂದ ಮೂಲವನ್ನು ಮತ್ತೆ ಪಡೆಯಲಾಗದು. ಅಂತಹ ಕಡತಗಳನ್ನು ಮೊದಲೇ ಯುಟಿಎಫ್-8ಕ್ಕೆ ಬದಲಿಸಿ ಉಳಿಸಬೇಕು. 2019ರ ವಿಂಡೋಸ್ 10 ಆವೃತ್ತಿಯಿಂದ ನೋಟ್‌ಪ್ಯಾಡ್ ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸುತ್ತದೆ. ಅದಕ್ಕೂ ಹಳೆಯ ಗಣಕಗಳಲ್ಲಿ ಉಳಿಸುವಾಗ ನಾವೇ ಆರಿಸಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಸ್ಮರಣ ಸಂಚಿಕೆಯ ಲೇಖನಗಳಿದ್ದರೆ ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆಯೇ ಸೇರಿಸತಕ್ಕದ್ದು. ಕಲಸಿದ ಮೇಲೆ ಯಾವುದು ಯಾವ ಫಾಂಟಿನದೆಂದು ಬಿಡಿಸುವುದು ಬಹಳ ಶ್ರಮದ ಕೆಲಸ.

ಬ್ಯಾಚ್ ಬರೆಯಲು ಬಲ್ಲ ಮಕ್ಕಳು ಫಾರ್ ಆಜ್ಞೆಯಿಂದ ಸಾಲುಸಾಲಾಗಿ ಓದಿಸುವ ಮತ್ತೊಂದು ದಾರಿಯನ್ನು ಸೂಚಿಸಬಹುದು. ಅದು ಖಾಲಿ ಸಾಲುಗಳನ್ನು ಹಾರಿಸುತ್ತದೆ. ಜೊತೆಗೆ 'ಡಿಲೇಡ್ ಎಕ್ಸ್‌ಪ್ಯಾನ್ಷನ್' ಎಂಬುದನ್ನು ಚಾಲೂ ಮಾಡಿದ್ದರೆ ಬರಹದಲ್ಲಿನ ಆಶ್ಚರ್ಯಸೂಚಕ ಚಿಹ್ನೆಗಳನ್ನೆಲ್ಲ ನುಂಗಿಬಿಡುತ್ತದೆ. ಸಾಹಿತ್ಯದ ಬರಹಗಳಿಗೆ ಅದು ಸಲ್ಲದು.

ತಾಳೆ ನೋಡುವುದು

ಸೇರಿಸಿದ ಬಳಿಕ ಎರಡು ಪರೀಕ್ಷೆಗಳು ಅವಶ್ಯ. ಹೊಸ ಕಡತವನ್ನು ಬ್ರೌಸರಿನಲ್ಲಿ ತೆರೆದರೆ ರಚನೆಯಲ್ಲಿ ದೋಷವಿದ್ದಲ್ಲಿ ಸಾಲಿನ ಸಂಖ್ಯೆ ಸಹಿತ ತೋರಿಸುತ್ತದೆ. ಇದು ಮೊದಲನೆಯದು. ಆದರೆ ರಚನೆ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಬಂದಿದೆ ಎಂದಲ್ಲ. ಫೈಂಡ್ ಆಜ್ಞೆಗೆ ಓರೆಗೆರೆಯೊಡನೆ ಸಿ ಅಕ್ಷರವನ್ನು ಕೊಟ್ಟು, ಪ್ರತಿ ಮೂಲ ಕಡತದಲ್ಲಿ ಎಷ್ಟು ದಾಖಲೆಗಳಿವೆ ಎಂದು ಎಣಿಸಿ ಕೂಡಿ, ಹೊಸ ಕಡತದ ಎಣಿಕೆಯೊಡನೆ ಹೋಲಿಸಬೇಕು. ಒಂದು ವ್ಯತ್ಯಾಸವಿದ್ದರೂ ಮುಂದುವರಿಯಬಾರದು. ಇದು ಎಣಿಸುವುದೂ ಸಾಲುಗಳನ್ನೇ ಎಂಬುದು ನೆನಪಿರಲಿ. ದಾಖಲೆಯ ಟ್ಯಾಗ್ ಬುಕ್ ಎಂದೂ ಮೂಲ ಟ್ಯಾಗ್ ಬುಕ್ಸ್ ಎಂದೂ ಇದ್ದರೆ, ಬುಕ್ ಎಂದು ಹುಡುಕಿದಾಗ ಮೂಲ ಟ್ಯಾಗೂ ಲೆಕ್ಕಕ್ಕೆ ಸೇರಿ ಕಡತಕ್ಕೊಂದು ಹೆಚ್ಚಾಗುತ್ತದೆ. ಚೆಕ್ಕಿನ ಕಡತದಲ್ಲಿರುವಂತೆ ಒಟ್ಟು ಸಂಖ್ಯೆಯನ್ನು ಒಳಗೇ ಬರೆದಿರುವ ಕಡತಗಳಾದರೆ ಆ ಸಂಖ್ಯೆಯನ್ನು ಹೊಸದಾಗಿ ತಿದ್ದಬೇಕು. ಮೊದಲ ಕಡತದ ಲೆಕ್ಕವೇ ಉಳಿದುಕೊಂಡರೆ ಅದು ಸುಳ್ಳು ಲೆಕ್ಕ.

ಸೇರಿಸಬಾರದ ಕಡತಗಳು

ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಕಡತವೂ ಎಕ್ಸ್‌ಎಂಎಲ್. ಆದರೆ ಅದರಲ್ಲಿ ಪ್ರಾಧಿಕಾರದ ಡಿಜಿಟಲ್ ಸಹಿ ಇರುತ್ತದೆ. ಒಳಗಿನ ವಿವರದಲ್ಲಿ ಒಂದಕ್ಷರ ಬದಲಾದರೂ ಸಹಿ ಅಸಿಂಧುವಾಗುತ್ತದೆ. ಮನೆಮಂದಿಯವೆಲ್ಲ ಒಟ್ಟಿಗಿರಲಿ ಎಂಬ ಆಸೆಯಿಂದ ಅವನ್ನು ಒಂದೇ ಕಡತವಾಗಿಸಿದರೆ ಪ್ರಯೋಜನಕ್ಕೆ ಬಾರದು. ಹಳೆಯ ತೆರಿಗೆ ಕಡತಗಳೂ ವರ್ಷಕ್ಕೊಂದರಂತೆ ಬೇರೆಯಾಗಿಯೇ ಇರಬೇಕಾದವು. ಇವನ್ನೆಲ್ಲ ಒಂದು ಫೋಲ್ಡರಿನಲ್ಲಿಟ್ಟರೆ ಸಾಕು.

ವರ್ಡ್‌ಪ್ರೆಸ್ ಬ್ಲಾಗಿನ ಕಡತಗಳ ವಿಚಾರ ಬೇರೆ. ಅವುಗಳಲ್ಲಿ ಹೊರಗೆ ಆರ್‌ಎಸ್‌ಎಸ್, ಅದರೊಳಗೆ ಚಾನೆಲ್, ಅದರೊಳಗೆ ಬರಹಕ್ಕೊಂದು ಐಟಂ ಎಂಬ ಎರಡು ಪದರದ ಹೊದಿಕೆ ಇರುತ್ತದೆ. ಬ್ಲಾಗಿನ ಹೆಸರು, ವಿಷಯ ವಿಭಾಗಗಳ ಪಟ್ಟಿ ಪ್ರತಿ ಕಡತದಲ್ಲಿಯೂ ಮರುಕಳಿಸುತ್ತವೆ. ಮತ್ತೊಂದು ವರ್ಡ್‌ಪ್ರೆಸ್ ತಾಣಕ್ಕೆ ಏರಿಸುವುದಷ್ಟೇ ಉದ್ದೇಶವಾದರೆ ಸೇರಿಸುವ ಅಗತ್ಯವೇ ಇಲ್ಲ, ಒಂದಾದ ಮೇಲೊಂದು ಏರಿಸಬಹುದು. ಒಂದೇ ಕಡತ ಬೇಕೇಬೇಕಾದಲ್ಲಿ ಬ್ಯಾಚ್‌ಗಿಂತ ಪವರ್‌ಶೆಲ್ ಉತ್ತಮ. 2009ರ ವಿಂಡೋಸ್ 7ರಿಂದ ಅದು ವಿಂಡೋಸ್‌ನೊಡನೆಯೇ ಬರುತ್ತದೆ. ಎಕ್ಸ್‌ಎಂಎಲ್‌ನ್ನು ಸಾಲುಗಳಾಗಿ ನೋಡದೆ ಅಂಶಗಳಾಗಿ ಓದಬಲ್ಲದು, ಆದುದರಿಂದ ಒಂದೇ ಸಾಲಿನ ಕಡತಕ್ಕೂ ಅದು ಹೆದರುವುದಿಲ್ಲ. ಬ್ಲಾಗಿನ ಕಡತದಲ್ಲಿ ಛಾಯಾಚಿತ್ರಗಳು ಇರುವುದಿಲ್ಲ, ಅವುಗಳ ಜಾಲವಿಳಾಸ ಮಾತ್ರವಿರುತ್ತದೆ. ಬ್ಲಾಗ್ ತೆರೆದಿರುವಾಗಲೇ ಚಿತ್ರಗಳನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು.