ಮೂಡುಬಿದಿರೆಯ ಧವಳ ಗ್ರಂಥಗಳು

ಮೂಡುಬಿದಿರೆಯ ಗುರುಬಸದಿಯನ್ನು ಸಿದ್ಧಾಂತ ಬಸದಿ ಎಂದೂ ಕರೆಯುವುದು ಅಲ್ಲಿ ಕಾಪಾಡಿಕೊಂಡು ಬಂದ ಧವಳ, ಜಯಧವಳ, ಮಹಾಧವಳ ಎಂಬ ತಾಳೆಗರಿ ಗ್ರಂಥಗಳಿಂದಾಗಿ. ಇವುಗಳ ಲಿಪಿ ಹಳಗನ್ನಡ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ.

ಇವುಗಳ ಮೂಲ ಬಾಯಿಮಾತಿನ ಉಪದೇಶ. ಗಿರಿನಗರದ ಗುಹೆಯಲ್ಲಿದ್ದ ಧರಸೇನಾಚಾರ್ಯರು, ತಾವು ಕಲಿತ ಶ್ರುತ (ಆಗಮಜ್ಞಾನ) ತಮ್ಮೊಂದಿಗೇ ಅಳಿಯಬಾರದೆಂದು ದಕ್ಷಿಣದಿಂದ ಇಬ್ಬರು ಮುನಿಗಳನ್ನು ಕರೆಸಿ ಪಾಠ ಹೇಳಿದರೆಂದು ಜೈನ ಪರಂಪರೆ ನಂಬುತ್ತದೆ. ಆ ಪುಷ್ಪದಂತ, ಭೂತಬಲಿಗಳು ಅದನ್ನು ಸೂತ್ರಗಳಾಗಿ ಬರೆದಿಟ್ಟದ್ದೇ ಷಟ್ಖಂಡಾಗಮ. ಅದರ ಆರನೆಯ ಖಂಡವೇ ಮಹಾಧವಳ. ಸೂತ್ರಗಳ ಮೇಲೆ ಟೀಕೆಗಳು ಬೆಳೆದವು. ತುಂಬುಳೂರಾಚಾರ್ಯರ ಚೂಡಾಮಣಿ ಎಂಬ ಟೀಕೆ ಕನ್ನಡದಲ್ಲೇ ಇತ್ತೆಂದು ಇಂದ್ರನಂದಿಯ ಶ್ರುತಾವತಾರ ಹೇಳುತ್ತದೆ. ಅದು ಉಳಿದುಬಂದಿಲ್ಲ, ಕನ್ನಡಕ್ಕೆ ಇದು ಸಣ್ಣ ನಷ್ಟವಲ್ಲ. ಉಳಿದದ್ದು ವೀರಸೇನರ ಧವಳ: 72,000 ಗ್ರಂಥ (ಶ್ಲೋಕ) ಪ್ರಮಾಣದ ಈ ಟೀಕೆ 816ರಲ್ಲಿ ಮುಗಿಯಿತೆಂದು ವಿದ್ವಾಂಸರ ಗಣನೆ. ಗುಣಧರರ ಕಷಾಯಪಾಹುಡದ ಮೇಲೆ ಅವರು ಆರಂಭಿಸಿದ ಜಯಧವಳವನ್ನು ಶಿಷ್ಯ ಜಿನಸೇನರು 837ರಲ್ಲಿ ಪೂರೈಸಿದರು.

ವೀರಸೇನರು ಒಂದು ಮಾತಿಗೆ ಒಂದೇ ಅರ್ಥವೆಂದು ಹೊರಡುವುದಿಲ್ಲ. ಆರಂಭದ ‘ಮಂಗಲ’ ಶಬ್ದವನ್ನೇ ನಾಮ, ಸ್ಥಾಪನೆ, ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂದು ಆರು ಬಗೆಯಲ್ಲಿ ಬಿಡಿಸಿ, ಆಮೇಲೆ ಶಂಕೆ ಎತ್ತಿ ಸಮಾಧಾನ ಹೇಳುತ್ತಾರೆ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ರೈಸ್ತ ಬೋಧಕ ಓರಿಜೆನ್ ಬೈಬಲಿನ ವಾಕ್ಯಕ್ಕೆ ದೇಹ, ಪ್ರಾಣ, ಆತ್ಮಗಳಂತೆ ಮೂರು ನೆಲೆಯ ಅರ್ಥವಿದೆ ಎಂದಿದ್ದ. ಅವನದು ಅಕ್ಷರಾರ್ಥದಿಂದ ಗೂಢಾರ್ಥಕ್ಕೆ ಏರುವ ದಾರಿ. ವೀರಸೇನರದು ಯಾವ ಸಂದರ್ಭಕ್ಕೆ ಯಾವ ಅರ್ಥ ಸಲ್ಲುತ್ತದೆಂದು ತೂಗುವ ದಾರಿ. ಆಚಾರ್ಯರ ಮತಗಳು ಎರಡಾಗಿ ಒಡೆದು, ತೀರ್ಮಾನಕ್ಕೆ ಆಧಾರ ಸಿಗದಿದ್ದಲ್ಲಿ ವೀರಸೇನರು ಎರಡನ್ನೂ ದಾಖಲಿಸಿ ಮುಂದೆ ಹೋಗುತ್ತಾರೆ. ಇಷ್ಟು ದೊಡ್ಡ ಪಂಡಿತರಲ್ಲಿ ಈ ಸಂಯಮ ಮೆಚ್ಚತಕ್ಕದ್ದು.

ಗರಿಗಳನ್ನು ಬರೆಯಿಸಿದವರಲ್ಲಿ ಹೆಂಗಸರಿದ್ದರು. ಮಹಾಧವಳದ ಪ್ರತಿಯನ್ನು ಮಲ್ಲಿಕಬ್ಬೆ ಶ್ರೀಪಂಚಮಿ ನೋಂಪಿಯ ಉದ್ಯಾಪನೆಗೆ ಬರೆಯಿಸಿ ಮಾಘನಂದಿ ಮುನಿಗಳಿಗೆ ದಾನ ಮಾಡಿದಳು. ಮುಂದೆ ಮೂಡುಬಿದಿರೆಯಲ್ಲಿ ಇವು ಓದುವ ಪುಸ್ತಕಗಳಾಗಿರದೆ ದರ್ಶನದ ವಸ್ತುಗಳಾದವು. ಯಾತ್ರಿಕರು ಕೈಮುಗಿದು ಹೋಗುತ್ತಿದ್ದರು. 19ನೆಯ ಶತಮಾನದ ಕೊನೆಯಲ್ಲಿ ಸೊಲ್ಲಾಪುರ, ಮುಂಬಯಿಗಳ ಜೈನ ಶ್ರೀಮಂತರ ಒತ್ತಾಸೆಯಿಂದ ನಕಲು ಮಾಡುವ ಕೆಲಸ ಆರಂಭವಾಯಿತು. ಹೊರಗೆ ಹೋದ ನಕಲುಗಳ ಆಧಾರದ ಮೇಲೆ ಹೀರಾಲಾಲ್ ಜೈನ್ ಸಂಪಾದಕತ್ವದಲ್ಲಿ 1939ರಿಂದ 1958ರವರೆಗೆ ಧವಳ 16 ಸಂಪುಟಗಳಲ್ಲಿ ಅಚ್ಚಾಯಿತು.

ಮೊದಲ ಸಂಪುಟದ 93ನೆಯ ಸೂತ್ರ ದೊಡ್ಡ ವಿವಾದ ಎಬ್ಬಿಸಿತು; ಸ್ತ್ರೀದೇಹದಲ್ಲಿ ಮೋಕ್ಷವಿಲ್ಲವೆಂಬುದು ದಿಗಂಬರ ಮತ. ಮನುಷ್ಯಸ್ತ್ರೀಯರ ಗುಣಸ್ಥಾನಗಳನ್ನು (ಮೋಕ್ಷದತ್ತ ಆತ್ಮ ಏರುವ ಮೆಟ್ಟಿಲುಗಳನ್ನು) ಹೇಳುವ ಈ ಸೂತ್ರದಲ್ಲಿ, ಮುನಿಸಂಯಮವನ್ನು ಸೂಚಿಸುವ ‘ಸಂಜದ’ ಎಂಬ ಪದ ನಕಲುಗಳಲ್ಲಿರಲಿಲ್ಲ. ಆದರೆ ವೀರಸೇನರ ಟೀಕೆಯಲ್ಲಿ, ಈ ಸೂತ್ರದಿಂದಲೇ ಸ್ತ್ರೀಯರಿಗೆ ಮೋಕ್ಷ ಸಿದ್ಧವಾಗುವುದಿಲ್ಲವೇ ಎಂಬ ಶಂಕೆ ಇದೆ. ಇಲ್ಲಿ ಹೇಳಿರುವುದು ದೇಹದ ಸ್ತ್ರೀತ್ವವಲ್ಲ, ಭಾವದ ಸ್ತ್ರೀತ್ವ ಎಂಬ ಉತ್ತರವೂ ಇದೆ. ಪದವೇ ಇಲ್ಲದಿದ್ದರೆ ಆ ಶಂಕೆಗೆ ಎಡೆಯಿಲ್ಲ ಎಂದು ಸಂಪಾದಕರು ತರ್ಕಿಸಿದರು. ಮೂಡುಬಿದಿರೆಯ ಗರಿಯನ್ನು ಪರಿಶೀಲಿಸಿದಾಗ ಅದರಲ್ಲಿ ‘ಸಂಜದ’ ಇತ್ತು.